ಕಾಲಿಗೆ ಸುತ್ತಿದ ಮುಖದ ಮುಸುಕು

ಮಾನ್ಯ ಕೀಟರೋಗ ನಿಯಂತ್ರಣಾಧಿಕಾರಿಗಳೇ,

ಸರ್ಕಾರ ದಯಪಾಲಿಸಿದ ಮುಖದ ಮುಸುಕನ್ನು ಹರಿದು ಮಗಳ ಕಾಲಿಗೆ ಸುತ್ತಿದ್ದೇಕೆ ಎಂದು ನನ್ನ ಹೆಂಡತಿಗೆ ನೋಟಿಸು ಕಳಿಸಿದ್ದೀರಿ. ಏಳು ದಿನದಲ್ಲಿ ಸಮಜಾಯಿಷಿ ಬರದಿದ್ದರೆ ನಮ್ಮ ಮನೆಯವರ ಹೆಸರನ್ನು ಮಾತ್ರೆಯ ಪಟ್ಟಿಯಿಂದ ತೆಗೆಯುತ್ತೀರಂತೆ. ನೋಟಿಸನ್ನು ಅವಳು ಓದಲಿಲ್ಲ. ಓದಲು ಕಣ್ಣಿಲ್ಲ. ನಾನೇ ಓದಿ ಹೇಳಿದೆ. ಉತ್ತರವನ್ನೂ ನಾನೇ ಬರೆಯುತ್ತಿದ್ದೇನೆ, ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಾ.

ನಾಟಕ ಕಂಪನಿಯಲ್ಲಿ ಬೆಳೆದವನು ನಾನು. ರಾಜನ ಕಿರೀಟ ಇಟ್ಟುಕೊಂಡು ಕೊನೆಯ ಬೆಂಚಿನವರೆಗೆ ಗುಡುಗಿದ್ದೇನೆ. ಈಗ ಗುಡುಗುವಂಥದ್ದು ಒಳಗೆ ಏನೂ ಉಳಿದಿಲ್ಲ. ಆದರೂ ಖಳಪಾತ್ರವನ್ನು ರಂಗಕ್ಕೆ ಕರೆಯದೆ ಕಥೆ ಹೇಳುವುದು ನನಗೆ ಗೊತ್ತಿಲ್ಲ. ಇಗೋ, ಕರಿನೊಣ. ಸಾಸಿವೆಗಿಂತ ಒಂಚೂರು ದೊಡ್ಡದು, ಬೆನ್ನು ಗೂನು. ಹುಟ್ಟುವುದು ರಭಸದ ನೀರಿನಲ್ಲಿ, ಊಟ ಹಗಲು ಹೊತ್ತಿನಲ್ಲಿ. ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆಗೆ ರಕ್ತ ಬೇಕಲ್ಲ. ಸೊಳ್ಳೆಯಂತೆ ನಾಜೂಕಾಗಿ ಸೂಜಿ ಇಳಿಸುವ ಜಾತಿಯಲ್ಲ. ಚರ್ಮ ಕೊಯ್ದು, ಒಸರಿ ನಿಂತ ರಕ್ತವನ್ನು ತಟ್ಟೆಯಲ್ಲಿ ಬಡಿಸಿದಂತೆ ಹೀರುತ್ತದೆ. ಹೋಗುವಾಗ ಒಂದು ಜಾತಿಯ ಹುಳುವಿನ ಮರಿಗಳನ್ನು ಗಾಯದೊಳಗೆ ಬಿಟ್ಟು ಹೋಗುತ್ತದೆ. ಅವು ಒಳಗೆ ಬೆಳೆದು ಗಂಟುಕಟ್ಟಿ, ಅವುಗಳ ಮರಿಗಳು ಹರಿದಾಡುತ್ತಾ ಕೊನೆಗೆ ಕಣ್ಣು ಸೇರಿ ಕುರುಡು ಮಾಡುತ್ತವೆ. ಇಷ್ಟು ನಿಮಗೂ ಗೊತ್ತು. ಗೊತ್ತಿಲ್ಲದ್ದು ಒಂದೇ: ನಮ್ಮ ಹೊಳೆಯಲ್ಲಿ ಅದು ಕೂರುವುದು ಕಾಲಿನ ಮೇಲೆ. ಮೊಣಕಾಲಿನ ಕೆಳಗೆ.

ನನ್ನ ಹೆಂಡತಿ ಬಣ್ಣದ ಕಾರ್ಖಾನೆಗೆ, ಬಣ್ಣ ಹಾಕಿದ ನೂಲನ್ನು ಹೊಳೆನೀರಿನಲ್ಲಿ ಜಾಲಿಸುತ್ತಿದ್ದವಳು. ಹೊಳೆ ಧುಮುಕುವ ಜಾಗದಲ್ಲಿ ಒಂದೇ ಕಲ್ಲಿನ ಮೇಲೆ, ಬಟ್ಟೆ ಎತ್ತಿ ಕಟ್ಟಿ, ಹದಿನಾರು ವರ್ಷ ನಿಂತಳು. ನೀಲಿ ಹತ್ತಿದ ಕಾಲೆಂದರೆ ನೊಣಕ್ಕೆ ಇನ್ನಷ್ಟು ಪ್ರೀತಿ. ಇಪ್ಪತ್ತು ಬಗೆಯ ನೀಲಿಗೆ ಇಪ್ಪತ್ತು ಹೆಸರಿಟ್ಟಿದ್ದವಳು ಈಗ ನನ್ನ ಅಂಗಿ ಯಾವ ಬಣ್ಣ ಎಂದು ಕೇಳುತ್ತಾಳೆ. ಆ ಕಲ್ಲಿನ ಮೇಲೆ ಈಗ ಮಗಳು ನಿಂತಿದ್ದಾಳೆ.

ಆ ಹುಳುವಿಗೆ ಕೊಡುವ ಮಾತ್ರೆ ಬರದೆ ಮೂರು ವರ್ಷವಾಯಿತು. ಬಂದದ್ದು ನೊಣ ತಡೆಯುವ ಬಲೆಬಟ್ಟೆಯ ಮುಸುಕು. ಜಾಲಿಸುವ ಹೆಂಗಸರೆಲ್ಲ ಹಾಕಿಕೊಂಡು, ಇಷ್ಟೊಂದು ಮದುವಣಗಿತ್ತಿಯರಿಗೆ ಗಂಡುಗಳನ್ನೂ ನಿಮ್ಮ ಇಲಾಖೆಯೇ ಹುಡುಕುತ್ತದಾ ಎಂದು ನಿಮ್ಮ ಇನ್ಸ್‌ಪೆಕ್ಟರನ್ನು ಕಾಡಿಸಿದರು. ನನ್ನವಳು ನಗಲಿಲ್ಲ.

"ಅಲ್ಲಪ್ಪಾ, ನೊಣ ಕಾಲಿಗೆ ಕಚ್ಚಿದ್ರೆ ಮುಖ ಯಾಕೆ ಮುಚ್ಕೋಬೇಕು?" ಎಂದಳು.

"ರೋಗ ಬರೋದು ಕಣ್ಣಿಗೆ ತಾನೇ ಅಮ್ಮಾ? ಅದಕ್ಕೇ ಕಣ್ಣಿಗೆ ಕೊಟ್ಟಿದಾರೆ," ಎಂದರು ಇನ್ಸ್‌ಪೆಕ್ಟರು.

ಎಂಥ ತರ್ಕ ಮಾನ್ಯರೇ! ಕಳ್ಳ ಹಿತ್ತಿಲಿಂದ ಬಂದು ನಡುಮನೆಯ ಪೆಟ್ಟಿಗೆ ಒಡೆದರೆ ನೀವು ಪೆಟ್ಟಿಗೆಗೆ ಹೊದಿಕೆ ಹೊದಿಸುವವರು. ಅವಳೋ, ಎರಡು ಮುಸುಕು ಹರಿದು ಪಟ್ಟಿ ಮಾಡಿದಳು. ಪ್ರತಿ ಬೆಳಿಗ್ಗೆ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿ ತಡವಿ, ಹಿಮ್ಮಡಿಯಿಂದ ಮೊಣಕಾಲಿನವರೆಗೆ ನಾಲ್ಕು ಸುತ್ತು ಸುತ್ತಿದಳು. ಮೂರು ವಾರ ಮಗಳ ಕಾಲಲ್ಲಿ ಒಂದು ಗಾಯವೂ ಆಗಲಿಲ್ಲ. ದುರ್ಬಳಕೆಗೆ ಸಾಕ್ಷಿ ಬೇಕೆಂದು ನಿಮ್ಮವರು ಆ ಪಟ್ಟಿಗಳನ್ನು ಬಿಚ್ಚಿಸಿಕೊಂಡು ಹೋದರು. ರಸೀದಿ ಕೊಟ್ಟಿದ್ದಾರೆ.

ದೊಡ್ಡದೇನೂ ಕೇಳುವುದಿಲ್ಲ. ಮಾತ್ರೆಯ ಪಟ್ಟಿಯಲ್ಲಿ ಮಗಳ ಹೆಸರು ಇರಲಿ, ಮಾತ್ರೆ ಬರಲಿ. ಅಲ್ಲಿಯವರೆಗೆ ನಿಮ್ಮ ಕಡತದೊಳಗಿರುವ ಆ ಹರಕು ಬಟ್ಟೆಯನ್ನು ವಾಪಸು ಕಳಿಸಿ. ನಂಬಿಕೆ ಬರದಿದ್ದರೆ ನೀವೇ ಮುಸುಕು ಹಾಕಿಕೊಂಡು, ಪ್ಯಾಂಟು ಮಡಚಿ, ಒಂದು ಬೆಳಿಗ್ಗೆ ಆ ಕಲ್ಲಿನ ಮೇಲೆ ನಿಲ್ಲಿ.

ಈಗ ದಿನಾ ಸಂಜೆ ಅವಳು ಮಗಳ ಬರಿಗಾಲನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಗಾಯ ಎಣಿಸುತ್ತಾಳೆ. ಇಂದು ಹದಿನೇಳು ಎಂದಳು.

"ಇನ್ನೊಂದ್ಸಲ ಎಣಿಸಮ್ಮಾ," ಎಂದಳು ಮಗಳು, "ಅಪ್ಪ ಬರ್ಕೋತಿದಾರೆ."

ಎಣಿಸಿದಳು. ಹತ್ತೊಂಬತ್ತು.

ಇಂತಿ,
ನಿಮ್ಮ ರಸೀದಿಯನ್ನು ಜೋಪಾನವಾಗಿಟ್ಟುಕೊಂಡಿರುವ,
ಒಬ್ಬ ಮಾಜಿ ಮಹಾರಾಜ