ಮಲಗಿಸಬಾರದಿದ್ದ ಯಂತ್ರ

ಮನೆಯಿಂದ,
ಫೆಬ್ರವರಿ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ, ಅಪ್ಪನ ಮೇಸ್ತ್ರಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಕಂಡರೆ ಮಂಡಿ ಮುಖ ಊದಿಸಿಕೊಳ್ಳುತ್ತದೆ ಅನ್ನುವುದು ಬಿಟ್ಟರೆ ಊಟ, ಮಾತ್ರೆ, ನಿದ್ದೆ ಮೂರೂ ಹೊತ್ತಿಗೆ ಸರಿಯಾಗಿ ನಡೆದಿವೆ. ಇದನ್ನು ಮೊದಲೇ ಬರೆದುಬಿಟ್ಟೆ. ಫೋನ್ ಮಾಡಿದಾಗಲೆಲ್ಲ ನೀನು ಕೇಳುವುದು ಈ ಮೂರನ್ನೇ, ನಾನು ಹೇಳುವುದೂ ಈ ಮೂರನ್ನೇ. ಆಮೇಲೆ ಇಬ್ಬರೂ ಸುಮ್ಮನಾಗಿ, ಸರಿ ಇಡ್ತೀನಿ ಅಂತ ಇಟ್ಟುಬಿಡುತ್ತೇವೆ. ಎರಡು ವರ್ಷದಿಂದ ಇದೇ ಆಗಿದೆ. ಅದಕ್ಕೇ ಇವತ್ತು ಪೆನ್ನು ಹಿಡಿದೆ. ಕಾಗದದಲ್ಲಾದರೆ ನೀನು ನಡುವೆ ಮಾತು ಮರೆಸುವ ಹಾಗಿಲ್ಲ.

ನಿನ್ನ ಕಾಗದ ಶುಕ್ರವಾರ ಬಂತು. ಹಿಂದಿನ ಶೆಡ್ಡಿನಲ್ಲಿರುವ ನಿನ್ನ ಟೂಲ್ ಬ್ಯಾಗು, ಗೇಜುಗಳು, ಪೈಪು ಬಗ್ಗಿಸುವ ಸಾಮಾನು ಎಲ್ಲವನ್ನೂ ಯಾರಿಗೋ ಕೊಡಲು ಒಪ್ಪಿದ್ದೀಯ, ಗುರುವಾರ ಅವರು ಬರುತ್ತಾರೆ, ಶೆಡ್ಡಿನ ಬಾಗಿಲು ತೆಗೆದುಕೊಟ್ಟರೆ ಸಾಕು ಎಂದು ಬರೆದಿದ್ದೀಯ. ಕೊನೆಗೆ, ಮನೆ ಬೆಚ್ಚಗಿಡುವ ಹೀಟ್ ಪಂಪಿನ ಕೆಲಸಕ್ಕೆ ಇನ್ನು ಕೈ ಹಾಕುವುದಿಲ್ಲ, ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವುದೇ ಒಗ್ಗಿಹೋಗಿದೆ ಎಂದು ಒಂದು ಸಾಲು. ಆ ಸಾಲನ್ನು ಎಷ್ಟು ಸಲ ಓದಿದೆನೋ. ಶೆಡ್ಡಿಗೆ ಹೋಗಿ ಬ್ಯಾಗು ತೆರೆದರೆ ಮೇಲೇ ನನ್ನ ಹಳೇ ಅಳತೆ ಟೇಪು ಇತ್ತು. ಹಳದಿಯದು, ತುದಿ ಸವೆದದ್ದು. ಮನೆಯೆಲ್ಲ ಹುಡುಕಿ, ನಿನ್ನಪ್ಪನೇ ಎಲ್ಲೋ ಕಳೆದಿರಬೇಕು ಅಂತ ಅವರ ಮೇಲೆ ಒಂದು ವಾರ ಹಾರಾಡಿದ್ದೆನಲ್ಲ, ಅದೇ ಟೇಪು. ಅಲ್ಲೇ ಮರದ ಪೆಟ್ಟಿಗೆಯ ಮೇಲೆ ಕೂತು ಅತ್ತುಬಿಟ್ಟೆ.

ಆ ಸಾಮಾನು ಕೈಬಿಡುವ ಮೊದಲು ನಿನಗೊಂದು ಮಾತು ಹೇಳಬೇಕು. ನಾಳೆ ನೀನು ಈ ಮನೆಗೆ ಹಾಕಿದ ಯಂತ್ರದ ವರ್ಷದ ಸರ್ವಿಸ್ಸಿಗೆ ನಿನ್ನ ಹಳೇ ಜೊತೆಗಾರ ಬರುತ್ತಾನಂತೆ. ಉದ್ದಕ್ಕಿದ್ದಾನೆ ಅಂತ ನೀವೆಲ್ಲ ಏಣಿ ಅಂತ ಕರೆಯುತ್ತಿದ್ದಿರಲ್ಲ, ಅವನೇ. ಅವನ ಕೈಯಲ್ಲೇ ಈ ಕಾಗದ ಕೊಟ್ಟು ತಕ್ಷಣ ಅಂಚೆಗೆ ಹಾಕಿಸುತ್ತೇನೆ. ನನ್ನ ಕೈಯಲ್ಲಿ ಉಳಿದರೆ ಹರಿದುಹಾಕಿಬಿಡುತ್ತೇನೆ ಅನ್ನುವ ಭಯವಿದೆ.

ಎಲ್ಲಿಂದ ಶುರು ಮಾಡಲಿ? ಡಾಕ್ಟರು ಅಪ್ಪನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದ ದಿನ ನೀನೂ ಇದ್ದೆ. ನಲವತ್ತು ವರ್ಷ ಆಸ್ಪತ್ರೆಯ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹಾಕಿದವರ ಶ್ವಾಸಕೋಶ ಹೀಗೇ ಇರುತ್ತದೆ, ಇನ್ನು ಮನೆಯಲ್ಲಾದರೂ ಹೊಗೆ, ದೂಳು ಇರಕೂಡದು ಅಂದರು. ಆದರೆ ನಮ್ಮ ಮನೆಯ ನೆಲಮಾಳಿಗೆಯಲ್ಲೂ ಮನೆ ಬಿಸಿ ಮಾಡುವ ಒಂದು ಕಲ್ಲಿದ್ದಲಿನ ಬಾಯ್ಲರ್. ಅದನ್ನು ಅವರೇ ಕೂರಿಸಿದ್ದು, ಅವರೇ ಉಣಿಸುವುದು. ಮಗಳಿಗಿಂತ ಅದನ್ನೇ ಹೆಚ್ಚು ಮುದ್ದು ಮಾಡುತ್ತಾರೆ ಅಂತ ನಾನು ರೇಗಿಸುತ್ತಿದ್ದೆ.

ಆಗ ನೀನು ಹೀಟ್ ಪಂಪಿನ ಮಾತು ತೆಗೆದೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎಷ್ಟು ದೊಡ್ಡ ಯಂತ್ರ ಬೇಕು ಅಂತ ಲೆಕ್ಕ ಹಾಕಲು ಎರಡು ದಿನ ನೀನು ನನ್ನ ಟೇಪು ಹಿಡಿದು ಒಂದೊಂದು ಕಿಟಕಿ, ಗೋಡೆ, ಸೂರು ಅಳೆದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ. ಅವರು ಕೈ ಹಿಂದೆ ಕಟ್ಟಿಕೊಂಡು ನಿನ್ನ ಬೆನ್ನ ಹಿಂದೆಯೇ ಓಡಾಡಿದರು. ಮಹಡಿಯ ಕಿಟಕಿಯನ್ನು ನೀನು ಎರಡನೇ ಸಲ ಅಳೆದಾಗ ನನ್ನ ಹತ್ತಿರ ಬಂದು, ಮೇಸ್ತ್ರಿ ಕೆಲಸ ಕಲಿತಿದ್ದಾಳೆ ಅಂತ ಪಿಸುಗುಟ್ಟಿದರು. ಇದನ್ನು ನಿನಗೆ ಆಗಲೇ ಹೇಳಬೇಕಿತ್ತು.

ಬಾಯ್ಲರನ್ನು ಮೂರು ತುಂಡು ಮಾಡಿ ಹೊರಗೆ ಹೊತ್ತ ದಿನ ಅವರು ಊಟ ಬಿಟ್ಟರು. ಅದರ ಬದಲು ಅಡುಗೆಮನೆಯ ಕಿಟಕಿಯ ಹೊರಗೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ತಿರುಗುವ ಫ್ಯಾನು. ಚಳಿಯಿಂದ ಬಿಸಿ ತೆಗೆಯುವುದೆಂದರೆ ಏನು ಎಂದು ಅವರು ಮೂಗು ಮುರಿದಾಗ ನೀನು ಫ್ರಿಜ್ಜಿನ ಹಿಂದೆ ಮುಟ್ಟಿ ನೋಡು ಅಂದೆ. ಅದು ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ, ಇದು ಹೊರಗಿನ ಗಾಳಿಯಲ್ಲಿ ಇರುವಷ್ಟು ಬಿಸಿಯನ್ನು ಒಳಗೆ ತರುತ್ತದೆ, ಅಷ್ಟೇ ಅಂದೆ. ನೀನು ಹೋದ ಮೇಲೆ ಅವರು ಫ್ರಿಜ್ಜಿನ ಸಂದಿಗೆ ಕೈ ತೂರಿಸಿ ತುಂಬ ಹೊತ್ತು ನಿಂತಿದ್ದರು. ನಾನು ನಕ್ಕೆ. ನಗಬಾರದಿತ್ತು.

ಹೋಗುವಾಗ ನೀನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಅಕ್ಷರ ಅಕ್ಷರ ನೆನಪಿದೆ. "ಅಮ್ಮ, ಬಾಯ್ಲರ್ ಥರ ಇದು ಓಡಲ್ಲ, ನಡೆಯುತ್ತೆ. ಕೋಣೆ ಬಿಸಿ ಮಾಡೋ ರೇಡಿಯೇಟರ್ ಸುಡ್ತಿಲ್ಲ ಅಂತ ಗಾಬರಿ ಆಗಬೇಡ, ಉಗುರುಬೆಚ್ಚಗಿದ್ರೆ ಸಾಕು. ಆದ್ರೆ ರಾತ್ರಿ ಮಾತ್ರ ಆರಿಸಲೇಬೇಡ." ನಾನು ತಲೆ ಆಡಿಸಿದೆ.

ಈಗ ಕೇಳು. ನಿನ್ನಪ್ಪ ಮದುವೆಯಾದ ದಿನದಿಂದ ಮಲಗುವ ಮುಂಚೆ ನೆಲಮಾಳಿಗೆಗೆ ಇಳಿದು ಬೆಂಕಿ ತಗ್ಗಿಸಿ, ಬಾಗಿಲು ಮುಚ್ಚಿ, ಮೇಲೆ ಬಂದು, ಅದು ಮಲಗಿತು ಅನ್ನುತ್ತಿದ್ದರು. ಆಮೇಲೇ ಅವರ ತಲೆ ದಿಂಬಿಗೆ ತಾಗುತ್ತಿದ್ದದ್ದು. ನಿನ್ನ ಯಂತ್ರ ಬಂದ ಮೇಲೆ ಮಲಗಿಸಲು ಏನೂ ಉಳಿಯಲಿಲ್ಲ. ಹೊರಗೆ ಫ್ಯಾನು ತಿರುಗುತ್ತಲೇ ಇರುತ್ತಿತ್ತು, ಇವರು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು. ಉರಿಯುವುದನ್ನು ಬಿಟ್ಟು ಹೇಗೆ ಮಲಗುವುದು ಅನ್ನುತ್ತಿದ್ದರು. ಅಲ್ಲಿ ಏನೂ ಉರಿಯುತ್ತಿಲ್ಲ ಅಂತ ನಾನು ನೂರು ಸಲ ಹೇಳಿರಬಹುದು. ಹತ್ತು ದಿನ ನಿದ್ದೆಗೆಟ್ಟು ಮುಖ ಇಷ್ಟಕ್ಕೆ ಇಳಿದುಹೋಯಿತು. ಹನ್ನೊಂದನೆಯ ದಿನ ನಾನು ಎದ್ದು ಹೋಗಿ ಗೋಡೆಯ ಮೇಲಿನ ಸ್ವಿಚ್ ಆರಿಸಿ ಬಂದು, ಅದು ಮಲಗಿತು ಅಂದೆ. ಮಗುವಿನ ಹಾಗೆ ನಿದ್ದೆ ಹೋದರು.

ಅಂದಿನಿಂದ ದಿನಾ ಆರಿಸಿದೆ. ಬೆಳಿಗ್ಗೆ ಆರಕ್ಕೆ ಎದ್ದು ಹಾಕುತ್ತಿದ್ದೆ, ಬೇಗ ಬಿಸಿಯಾಗಲಿ ಅಂತ ಅದರ ಗುಂಡಿಯನ್ನು ಕೊನೆಯ ಅಂಕಿಯವರೆಗೂ ತಿರುಗಿಸುತ್ತಿದ್ದೆ. ನೀನು ಹೇಳಿದ ಹಾಗೆ ಅದು ನಡೆಯುವ ಯಂತ್ರ, ನಾನು ಅದನ್ನು ಓಡಿಸಲು ಹೋದೆ. ಮನೆ ಬೆಚ್ಚಗಾಗುವಷ್ಟರಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು, ಅಷ್ಟರಲ್ಲಿ ಮತ್ತೆ ಮಲಗಿಸುವ ಹೊತ್ತು. ಅಪ್ಪ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಕಂಬಳಿ ಹೊದಿಸುತ್ತಿದ್ದೆ. ಬೆಳಗಾದರೆ ಕೆಮ್ಮು.

ನೀನು ಬರುತ್ತಿದ್ದದ್ದು ಭಾನುವಾರ. ಶನಿವಾರ ರಾತ್ರಿ ಮಾತ್ರ ನಾನು ಸ್ವಿಚ್ ಮುಟ್ಟುತ್ತಿರಲಿಲ್ಲ. ನೀನು ಒಳಗೆ ಬಂದು, ಥರ್ಮಾಮೀಟರ್ ನೋಡಿ, ಮುಖ ಅರಳಿಸಿಕೊಂಡು, ಎಲ್ಲ ಸರಿ ಇದೆ ಅಲ್ವಾ ಅಂತ ಕೇಳಿದರೆ ನಾನು ಸರಿ ಇದೆ ಅನ್ನುತ್ತಿದ್ದೆ. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. "ನಿನ್ನ ಮಗಳ ಯಂತ್ರಕ್ಕೆ ಭಾನುವಾರ ಮಾತ್ರ ಮೈಯಲ್ಲಿ ಶಕ್ತಿ ಬರುತ್ತೆ" ಅಂತ ಒಂದು ಸಲ ನನ್ನ ಹತ್ತಿರ ಅಂದಿದ್ದರು. ಆದರೂ ಆರಿಸುವುದನ್ನು ಬಿಡಲಿಲ್ಲ.

ಇದನ್ನೆಲ್ಲ ಅವರ ನಿದ್ದೆಗಾಗಿಯೇ ಮಾಡಿದೆ ಅಂತ ಬರೆದು ನಿಲ್ಲಿಸಬಹುದಿತ್ತು. ಪೂರ್ತಿ ನಿಜ ಅದಲ್ಲ. ನಿನ್ನಪ್ಪ ಹಿಂದೆ ಕೈಕಟ್ಟಿ ನಿನ್ನ ಬೆನ್ನ ಹಿಂದೆ ಓಡಾಡಿದ್ದು ನೋಡಿ ನನಗೆ ಹೊಟ್ಟೆ ಉರಿದಿತ್ತು. ಅವರಿಗಿಂತ ನಿನಗೇ ಹೆಚ್ಚು ಗೊತ್ತು ಅನ್ನುವುದು ನನಗೆ ಹಿಡಿಸಲಿಲ್ಲ. ನಿನ್ನ ಯಂತ್ರ ಸ್ವಲ್ಪ ಸೋಲಲಿ, ಅವರ ಮುಖಕ್ಕೆ ಸ್ವಲ್ಪ ಬಣ್ಣ ಬರಲಿ ಅಂತ ನನ್ನ ಮನಸ್ಸಿನ ಮೂಲೆಯಲ್ಲಿ ಇತ್ತು. ಹೆತ್ತ ಮಗಳ ಕೆಲಸ ಸೋಲಲಿ ಅಂತ ಬಯಸಿದವಳು ನಾನು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಜನವರಿಯ ಆ ಚಳಿಯ ವಾರ ನಿನಗೆ ಗೊತ್ತೇ ಇದೆ. ನಿನ್ನ ಸೋದರತ್ತೆ ಬುಧವಾರ ಅಣ್ಣನನ್ನು ನೋಡಲು ಬಂದು, ಮನೆಯೊಳಗೆ ಬಾಯಿಂದ ಹಬೆ ಬರುತ್ತಿದೆ ಅಂತ ಕೂಗಾಡಿದಳು. ಗುರುವಾರ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ನಿಮೋನಿಯಾ ಅಂದರು. ಯಾವ ಆಸ್ಪತ್ರೆಯ ಬಾಯ್ಲರ್ ಕೋಣೆಯಲ್ಲಿ ದುಡಿದರೋ ಅದರ ಮೂರನೇ ಮಹಡಿಯಲ್ಲೇ ಮಲಗಿದರು. ಪಕ್ಕದ ರೇಡಿಯೇಟರ್ ಮುಟ್ಟಿ, ಉಗುರುಬೆಚ್ಚಗಿದೆ, ಇಲ್ಲೂ ನಮ್ಮ ಮೇಸ್ತ್ರಿಯದೇ ಯಂತ್ರ ಹಾಕಿರಬೇಕು ಅಂತ ನಕ್ಕರು. ನೀನು ಔಷಧಿ ತರಲು ಕೆಳಗೆ ಹೋಗಿದ್ದೆ. ಆಗ ಅವರು ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇದು: "ಸ್ವಿಚ್ ವಿಷಯ ನಂಗೆ ಮೊದಲೇ ಗೊತ್ತಿತ್ತು ಕಣೇ. ನಿದ್ದೆ ಬರ್ತಿತ್ತಲ್ಲ, ಸುಮ್ನಿದ್ದೆ. ಮೇಸ್ತ್ರಿ ಅಳತೆ ತಪ್ಪಿಲ್ಲ. ಅವಳಿಗೆ ಹೇಳಿಬಿಡು."

ಹೇಳಲಿಲ್ಲ. ಅವರು ತೀರಿಹೋದ ಎರಡನೆಯ ದಿನ, ಮನೆ ತುಂಬ ಜನ ಇದ್ದಾಗ, ಅತ್ತೆ ಎಲ್ಲರೆದುರು ನಿನ್ನ ಕಡೆ ಕೈ ತೋರಿಸಿ, ಅಪ್ಪನ ಬೆಂಕಿ ಕಿತ್ತುಹಾಕಿ ಅಪ್ಪನನ್ನೇ ತಣ್ಣಗೆ ಮಾಡಿದಳು ಅಂದಳು. ನೀನು ಹೊರಗೆ ಹೋಗಿ ಯಂತ್ರದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಮಡಿಲಲ್ಲಿ ನಿನ್ನ ಚಿಕ್ಕ ಕಂಪ್ಯೂಟರ್ ಇತ್ತು. ಒಂದು ಗಂಟೆಯಾದರೂ ಕೂತಿದ್ದೆ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ, ಅಳುತ್ತಿದ್ದೀಯ ಅಂದುಕೊಂಡೆ. ಒಳಗೆ ಬಂದು ನನ್ನೆದುರು ನಿಂತು ಒಂದೇ ಮಾತು ಹೇಳಿದೆ: "ತಪ್ಪು ನಂದೇ ಅಮ್ಮ. ಅಳತೆ ತಪ್ಪಿದೆ."

ನಾನು ಹೊಲಿಗೆಯವಳು. ಮೂವತ್ತು ವರ್ಷ ಕಂಡವರ ಕೋಟು, ಸಮವಸ್ತ್ರ ಹೊಲಿದವಳು. ಅಳತೆ ತಪ್ಪಿದೆ ಅನ್ನುವ ಮಾತನ್ನು ಕೆಲಸ ಗೊತ್ತಿರುವವರು ಎಷ್ಟು ನೋವಿನಿಂದ ಹೇಳುತ್ತಾರೆ ಅಂತ ನನಗೆ ಗೊತ್ತಿರಬೇಕಿತ್ತು. ಅಷ್ಟು ಜನರ ನಡುವೆ, ಗಂಡನನ್ನು ನಾನೇ ಚಳಿಗೆ ಹಾಕಿದೆ ಅಂತ ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ನೀನು ಕೆಲಸ ಬಿಟ್ಟೆ, ಬೇರೆ ಊರಿಗೆ ಹೋದೆ. ಹೇಳಬೇಕಾದ ಆ ನಾಳೆಗೆ ಎರಡು ವರ್ಷ ಹಿಡಿಯಿತು.

ಅವರ ಶ್ವಾಸಕೋಶ ಹೇಗೂ ಹೆಚ್ಚು ದಿನ ತಡೆಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅದನ್ನು ಹಿಡಿದುಕೊಂಡು ನಾನು ತಪ್ಪಿಸಿಕೊಳ್ಳುವುದಿಲ್ಲ. ಒಂದು ಚಳಿಗಾಲವಾದರೂ ಹೆಚ್ಚು ಸಿಗುತ್ತಿತ್ತೋ ಏನೋ.

ಅವರು ಹೋದ ಮೇಲೆ ನಾನು ಸ್ವಿಚ್ ಆರಿಸಿಲ್ಲ. ಹಗಲೂ ರಾತ್ರಿ ನಿನ್ನ ಯಂತ್ರ ನಡೆಯುತ್ತದೆ, ಹೊರಗೆ ಹಿಮ ಬಿದ್ದಿದ್ದರೂ ಒಳಗೆ ನಾನು ತೆಳು ಸೀರೆಯಲ್ಲಿ ಓಡಾಡುತ್ತೇನೆ. ಮಹಡಿಯ ಕಿಟಕಿಯ ಹತ್ತಿರವೂ ಚಳಿಯಿಲ್ಲ. ನೀನು ಎರಡು ಸಲ ಅಳೆದ ಕಿಟಕಿ. ಮನೆ ಬೆಚ್ಚಗಿದ್ದಷ್ಟೂ ನನಗೆ ಅವರ ಆ ಕುರ್ಚಿ ನೋಡಲಾಗುವುದಿಲ್ಲ.

ಅದಕ್ಕೇ ಬ್ಯಾಗು ಕೊಡುವುದಿಲ್ಲ. ಗುರುವಾರ ಬಂದವರನ್ನು ಬಾಗಿಲಿನಿಂದಲೇ ಕಳಿಸುತ್ತೇನೆ. ಆಮೇಲೆ ಬೇಕಾದರೆ ನನ್ನ ಜೊತೆ ಜಗಳಕ್ಕೆ ಬಾ, ಅದಕ್ಕಾದರೂ ಬಾ. ಈ ಊರಿನಲ್ಲಿ ಇನ್ನೂ ಎಷ್ಟೋ ನೆಲಮಾಳಿಗೆಗಳಲ್ಲಿ ಕಲ್ಲಿದ್ದಲು ಉರಿಯುತ್ತಿದೆ, ಎಷ್ಟೋ ಮುದುಕರು ಕೆಮ್ಮುತ್ತಿದ್ದಾರೆ. ಆ ಮನೆಗಳಿಗೆ ಹೋದಾಗ ನೀನು ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಬೇಡ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳು. ಯಾಕೆ ಅಂತ ಕೇಳಿದರೆ ನಮ್ಮ ಕಥೆ ಹೇಳು. ನನಗೆ ಬೇಸರವಿಲ್ಲ.

ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಹೂಂ ಅಂದುಬಿಡುತ್ತೀಯ, ನಿನ್ನ ಸ್ವಭಾವ ಗೊತ್ತು. ಕೋಪ ಮಾಡಿಕೋ. ಕೋಪ ಇಳಿದ ಮೇಲೆ ಒಂದು ಸಲ ಫೋನ್ ಮಾಡು. ಮಾತ್ರೆ ತಗೊಂಡ್ಯಾ ಅಂತ ಮಾತ್ರ ಕೇಳಬೇಡ.

ಇಂತಿ,
ತಪ್ಪು ಮಾಡಿ ಸುಮ್ಮನಿದ್ದ
ನಿನ್ನ ಅಮ್ಮ

ಕೊನೆಗೆ ಸೇರಿಸಿದ್ದು — ಬುಧವಾರ ಬೆಳಿಗ್ಗೆ

ಕಾಗದ ಅಂಟಿಸುವ ಮೊದಲೇ ಏಣಿ ಬಂದ. ಟೀ ಕುಡಿಯುತ್ತ ನಮ್ಮ ಮನೆಯ ಫೈಲು ಬಿಚ್ಚಿದ. ಯಂತ್ರವನ್ನು ಯಾವಾಗ ಆರಿಸಿದರು, ಯಾವಾಗ ಹಾಕಿದರು ಅನ್ನುವುದೆಲ್ಲ ಅದರ ಒಳಗೇ ದಾಖಲಾಗಿರುತ್ತದಂತೆ, ಕಂಪ್ಯೂಟರ್ ಹಚ್ಚಿದರೆ ಕಾಣುತ್ತದಂತೆ. ನನಗೆ ಗೊತ್ತಿರಲಿಲ್ಲ. ಫೈಲಿನಲ್ಲಿ ಆ ಚಳಿಗಾಲದ ಹಾಳೆ ಇತ್ತು, ನೀನು ಯಂತ್ರದ ಪಕ್ಕ ಸ್ಟೂಲಿನಲ್ಲಿ ಕೂತಿದ್ದ ದಿನದ ತಾರೀಖಿನದು. ಪ್ರತಿ ರಾತ್ರಿ ಆರಿಸಿದ ಹೊತ್ತು, ಪ್ರತಿ ಬೆಳಿಗ್ಗೆ ಹಾಕಿದ ಹೊತ್ತು, ಸಾಲಾಗಿ. ಶನಿವಾರಗಳು ಖಾಲಿ. ಕೊನೆಯಲ್ಲಿ ಕಾರಣ ಅನ್ನುವ ಜಾಗದಲ್ಲಿ ನಿನ್ನ ಕೈಬರಹ: ಅಳವಡಿಸಿದವರ ಅಳತೆ ತಪ್ಪು. ಅದರ ಕೆಳಗೆ ನಿನ್ನ ಸಹಿ.

ಅಂದರೆ ಒಳಗೆ ಬಂದು ನನ್ನೆದುರು ನಿಂತಾಗಲೇ ನಿನಗೆ ಎಲ್ಲ ಗೊತ್ತಿತ್ತು.

ಏಣಿಯ ಪೆನ್ನು ಇಸಿದುಕೊಂಡು ನಿನ್ನ ಸಾಲನ್ನು ಹೊಡೆದುಹಾಕಿದೆ. ಪಕ್ಕದಲ್ಲಿ, ಅಳತೆ ಸರಿಯಾಗಿತ್ತು, ಮನೆಯಾಕೆ ಪ್ರತಿ ರಾತ್ರಿ ಆರಿಸುತ್ತಿದ್ದಳು ಎಂದು ಬರೆದು ನನ್ನ ಸಹಿ ಹಾಕಿದೆ. ಅವನು ಓದಿ, ಹಾಳೆಯನ್ನು ಮತ್ತೆ ಫೈಲಿನಲ್ಲಿ ಸೇರಿಸಿಕೊಂಡ. ಅಕ್ಷರ ಸೊಟ್ಟಗಿದೆ, ಆದರೆ ಓದಲು ಬರುತ್ತದೆ.