ನಕ್ಷತ್ರ ಸುಳ್ಳಾದ ಮಧ್ಯಾಹ್ನ

ಭಾನುವಾರ, ಬೆಳಿಗ್ಗೆ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಿನ್ನೆ ರಾತ್ರಿ ನೀನು ಫೋನ್ ಮಾಡಿದಾಗ ಎತ್ತದೆ, ತಲೆನೋವು ಎಂದು ನಾನು ಸಂದೇಶ ಕಳಿಸಿದೆ. ತಲೆಗೇನೂ ಆಗಿಲ್ಲ, ಅದನ್ನು ಎತ್ತಲು ಆಗುತ್ತಿಲ್ಲ ಅಷ್ಟೆ.

ಕಬ್ಬಿಣದಂಥ ಲೋಹಕ್ಕೇ ಬರಗಾಲ ಬಂದ ಆ ದೂರದ ಬಡ ಗೆಲಾಕ್ಸಿಯಲ್ಲಿ ನೀನು ಈಗಷ್ಟೇ ಹುಟ್ಟುತ್ತಿರುವ ಕೂಸು ನಕ್ಷತ್ರ ಕಂಡೆ ಎಂದಾಗ, ಹೊಲಿಗೆ ಅಂಗಡಿಗೆ ಬಂದವರನ್ನೆಲ್ಲ ಕೂರಿಸಿಕೊಂಡು ಡಂಗುರ ಸಾರಿದವಳು ನಾನು. ರವಿಕೆಯ ಅಳತೆ ಕೊಡಲು ಬಂದವರು ಖಗೋಳ ಕಲಿತು ಹೋದರು. ಕೂಸುಗಳು ಸುತ್ತಲಿನ ಅನಿಲ ಕುಡಿದಾಗ ಹೊಳೆಯುತ್ತವೆ, ಹಸಿದಾಗ ಮಂಕಾಗುತ್ತವೆ, ಅದರಿಂದಲೇ ನನ್ನ ಮಗಳು ಗುರುತು ಹಿಡಿಯುತ್ತಾಳೆ ಎಂದು ಕತ್ತರಿ ಆಡಿಸುತ್ತಾ ಹೇಳಿದ್ದೇ ಹೇಳಿದ್ದು.

ನಿನ್ನೆ ಮಧ್ಯಾಹ್ನ ವಿಜ್ಞಾನಿಗಳು ತುಂಬಿದ ಸಭೆಯಲ್ಲಿ ನೀನು ಎದ್ದು, ಆ ಚುಕ್ಕಿ ಹೊಳೆದದ್ದು ತಾನಾಗಿ ಅಲ್ಲ ಎಂದೆ. ಹೋಲಿಸಿ ನೋಡಲು ಎರಡನೆಯ ಚಿತ್ರ ತೆಗೆಯುವಾಗ ದೂರದರ್ಶಕ ತುಸು ತಿರುಗಿತ್ತು, ಹತ್ತಿರದ ದೊಡ್ಡ ನಕ್ಷತ್ರದಿಂದ ಚಾಚಿದ ಬೆಳಕಿನ ಕಡ್ಡಿ ಅದರ ಮೇಲೆ ಬಿದ್ದಿತ್ತು ಎಂದೆ. ಬೀದಿ ದೀಪ ಮುಖಕ್ಕೆ ಬಿದ್ದ ಮಗುವನ್ನು ಹಾಲು ಕುಡಿದು ನಗುತ್ತಿದೆ ಎಂದುಕೊಂಡ ಹಾಗೆ. ತಪ್ಪು ನನ್ನದೇ ಎಂದಾಗ ನಿನ್ನ ದನಿ ನಡುಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡವಳು ನಾನು.

ಆಗಲೇ ಪಕ್ಕದ ಕುರ್ಚಿಯ ಹೆಂಗಸು ನನ್ನ ಕಡೆ ಬಾಗಿ, "ನಿಮ್ಮ ಮಗಳಲ್ವಾ?" ಎಂದರು.

"ಅಯ್ಯೋ ಅಲ್ಲಮ್ಮ, ಗೊತ್ತಿರೋರ ಹುಡುಗಿ," ಎಂದುಬಿಟ್ಟೆ.

ಹೆತ್ತವಳ ಬಾಯಿಂದಲೇ ಬಂತು ಆ ಮಾತು. ನೀನು ನಾಲ್ಕು ಜನರ ಮುಂದೆ ನಿಜ ಹೇಳುತ್ತಿದ್ದೆ, ನಾನು ಒಬ್ಬರ ಮುಂದೆ ಹೇಳಲಾರದೆ ಹೋದೆ. ಉಳಿದ ಚುಕ್ಕಿಗಳನ್ನೆಲ್ಲ ಮೊದಲಿನಿಂದ ನೋಡುತ್ತೇನೆ ಎಂದು ನೀನು ಹೇಳುವಾಗ ನಾನು ಬಾಗಿಲಾಚೆ ಇದ್ದೆ, ಯಾರಾದರೂ ಮತ್ತೆ ಕೇಳಿಯಾರೆಂದು. ನಿನಗೂ ಹೇಳದೆ ಬಸ್ಸಿಗೆ ಹೊರಟುಬಿಟ್ಟೆ.

ಮುಂದಿನ ಸಭೆಗೆ ನನ್ನನ್ನು ಕರೆಯುತ್ತೀಯೋ ಬಿಡುತ್ತೀಯೋ, ಕೇಳಲು ಬಾಯಿಲ್ಲ. ನಾಳೆ ಅಂಗಡಿ ತೆಗೆದ ಕೂಡಲೇ ಎಲ್ಲರಿಗೂ ಹೇಳುತ್ತೇನೆ: ತಪ್ಪಿದವಳೂ ನನ್ನ ಮಗಳೇ, ಆ ತಪ್ಪು ಹಿಡಿದವಳೂ ನನ್ನ ಮಗಳೇ.

ನಿನ್ನವಳೆಂದು ಬರೆಯಲು ಕೈ ಹಿಂಜರಿದರೂ,
ನಿನ್ನ ಅಮ್ಮ

ಮತ್ತೊಂದು ಮಾತು: ಲಕೋಟೆಗೆ ಅಂಟು ಹಚ್ಚುವಾಗ ಆ ಹೆಂಗಸೇ ಮನೆ ಹುಡುಕಿಕೊಂಡು ಬಂದರು. ನಿನ್ನ ಜೊತೆ ಕೆಲಸ ಮಾಡುವವರಂತೆ. "ನಾನು ತಪ್ಪು ಒಪ್ಪಿಕೊಳ್ಳೋವಾಗ ಅಮ್ಮ ಒಬ್ಬಳೇ ಕೂತಿರಬಾರದು" ಎಂದು ಅವರನ್ನು ನನ್ನ ಪಕ್ಕ ಕೂರಿಸಿದ್ದೇ ನೀನಂತೆ. ನಾನು ಅಂದದ್ದನ್ನು ಮಗಳಿಗೆ ಹೇಳಿದಿರಾ ಎಂದು ಕೇಳಿದೆ. ಹೇಳಿದರಂತೆ. ಅದಕ್ಕೆ ನೀನು, "ಅಮ್ಮಂಗೆ ಬಸ್ ಸಿಕ್ತಾ?" ಎಂದೆಯಂತೆ.

ಸಿಕ್ಕಿತು, ಪುಟ್ಟಿ.