ಕೆಳಬಾಗಿಲಿಗೆ ಅಂಟಿಸಿದ ಹೆಸರು

ಶುಬ್ರಾ, ಕೈರೋ

ಹಾಜಿ ಶಾಬಾನ್ ಅವರಿಗೆ ಮೂರನೇ ಮಹಡಿಯ ಸನಿಯ್ಯಾಳ ಸಲಾಂ.

ಮೆಟ್ಟಿಲ ತುಂಬಾ ನನ್ನ ಕಸವೇ ಹರಡಿದ ಹಾಗೆ ಕನಸು ಬಿತ್ತು. ಎದ್ದು ಬಾಗಿಲು ತೆಗೆದು ನೋಡಿದೆ, ಏನೂ ಇರಲಿಲ್ಲ.

ಬಾಕಿ ಬಿಲ್ಲೊಂದನ್ನು ಹಿಡಿದು, ಕಸದ ಶುಲ್ಕ ಕಟ್ಟಿಲ್ಲವೆಂದು ನೀವು ಕೆಳಬಾಗಿಲಿಗೆ ನನ್ನ ಹೆಸರು ಅಂಟಿಸಿದ್ದೀರಿ. ಎದುರುಮನೆ ನಾಹಿದ್, "ಏನೇ ಸನಿಯ್ಯಾ, ಕಸಾನೂ ಸಾಲದಲ್ಲೇ ಚೆಲ್ತೀಯಾ?" ಅಂತ ನಕ್ಕಳು.

ಬಾಡಿಗೆಗೆ ಬಂದ ದಿನವೇ "ಕಸದ ಖರ್ಚು ನಿನ್ನದಮ್ಮ, ಮನೆ ಖಾಲಿಯಿದ್ದರೆ ನನ್ನದು" ಅಂದಿರಿ. ಒಪ್ಪಿದೆ. ಕರೆಂಟ್ ಬಿಲ್ಲಿನ ಜೊತೆ ಬರುವ ಆ ಶುಲ್ಕವನ್ನು ಹನ್ನೊಂದು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿಲ್ಲ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಿಜ. ಆದರೆ ನನ್ನ ಚೀಲದಿಂದ ಒಂದು ಹನಿ ಮೆಟ್ಟಿಲಿಗೆ ಸೋರಿಲ್ಲ. ಒಣಗಿದ ರೊಟ್ಟಿಯನ್ನು ಕಸಕ್ಕೆ ಬೆರೆಸದೆ ಬೇರೆ ಚೀಲದಲ್ಲಿ ನೇತುಹಾಕುತ್ತೇನೆ. ಕಸ ಒಯ್ಯುವ ಶುಕ್ರಿಯೇ "ನಿಮ್ಮ ಚೀಲ ಕಣ್ಣುಮುಚ್ಚಿ ಎತ್ತಬಹುದು ಅಕ್ಕಾ" ಅನ್ನುತ್ತಾನೆ.

ನೀವು ಕ್ಷಮೆ ಕೇಳುವುದು ಬೇಡ, ಆ ಕಾಗದ ಕಿತ್ತರೆ ಸಾಕು. ತಪ್ಪು ತಿಳಿಯಬೇಡಿ, ಎರಡನೇ ಮಹಡಿ ರಂಜಾನ್ ತಿಂಗಳಿನಿಂದ ಖಾಲಿಯಿದೆ, ಅದರ ಮೀಟರ್ ನನ್ನದರ ಪಕ್ಕದಲ್ಲೇ ಇದೆ. ನಿಮ್ಮ ಕೈಲಿರುವ ಬಿಲ್ಲಿನ ಮೀಟರ್ ನಂಬರನ್ನು ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿ.

ನಿಮ್ಮ ಬಾಡಿಗೆಯವಳು,
ಸನಿಯ್ಯಾ